ಎಂಟನೇ ಮೈಲಿಯಲ್ಲಿ ರಸ್ತೆ ದಾಟೋದು ಹೇಗೆ?

ಈಗ ರಸ್ತೆ ದಾಟ್ತಾ ಇದ್ದೀರಾ? ಹಾಗಾದ್ರೆ ಪಾಸ್ ಮಾಡಿ, ಆ ಕಡೆ ಸೇರಿದ ಮೇಲೆ ಕೇಳಿ. ಇವತ್ತಿನ ಕಥೆ ರಸ್ತೆ ದಾಟೋದರ ಬಗ್ಗೆನೇ.

ನಾಗಸಂದ್ರದ ಪಕ್ಕದಲ್ಲಿ 'ಎಂಟನೇ ಮೈಲಿ' ಇದೆಯಲ್ಲ, ಅದು ತುಮಕೂರು ರಸ್ತೆಯ ಮೈಲಿ ಲೆಕ್ಕದಿಂದ ಬಂದ ಹೆಸರು. ಮೈಲಿ ಹೋಗಿ ಕಿಲೋಮೀಟರ್ ಬಂತು, ಹೆಸರು ಉಳೀತು. ಆಗ ಇದು ಊರಿಂದ ಊರಿಗೆ ಹೋಗುವ ದಾರಿ, ಅಷ್ಟೇ. 1970ರ ದಶಕದಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶ ಬೆಳೆಯಿತು. ರಸ್ತೆಯ ಒಂದು ಬದಿಗೆ ಕಾರ್ಖಾನೆಗಳು, ಇನ್ನೊಂದು ಬದಿಗೆ ದಾಸರಹಳ್ಳಿ, ಬಾಗಲಗುಂಟೆಯ ಮನೆಗಳು. ಹೆದ್ದಾರಿಯೇ ಊರಿನ ಬೀದಿಯಾಯ್ತು. ಶಿಫ್ಟಿಗೆ ನಡೆದು ಹೋಗೋರಿಗೂ ಅದೇ ರಸ್ತೆ, ಪುಣೆ ಕಡೆಯ ಲಾರಿಗೂ ಅದೇ ರಸ್ತೆ.

2010ರಲ್ಲಿ ಪೀಣ್ಯ ಮೇಲ್ಸೇತುವೆ ಬಂತು. 2015ರ ಮೇ 1ರಂದು ನಾಗಸಂದ್ರಕ್ಕೆ ಮೆಟ್ರೋ ಬಂತು. ಎರಡೂ ದೂರ ಹೋಗೋರ ಸಮಯ ಉಳಿಸಿದವು. ಅಡ್ಡ ದಾಟೋರ ಕಷ್ಟ ಮಾತ್ರ ಕೆಳಗೇ ಉಳೀತು.

2016ರ ಫೆಬ್ರವರಿ ನೆನಪಿದೆಯಾ? ಇದೇ ಹೆದ್ದಾರಿಯಲ್ಲಿ, ನೆಲಮಂಗಲದ ಹತ್ತಿರ, ಬೈಕಿನಲ್ಲಿ ಬರ್ತಿದ್ದ ಯುವಕನಿಗೆ ಲಾರಿ ಡಿಕ್ಕಿ ಹೊಡೀತು. ಸಾಯೋ ಹೊತ್ತಲ್ಲೂ ಆತ ಅಂಗಾಂಗ ದಾನ ಮಾಡಿ ಅಂದ. ಮರುತಿಂಗಳೇ ಸರ್ಕಾರ 'ಮುಖ್ಯಮಂತ್ರಿಗಳ ಸಾಂತ್ವನ ಹರೀಶ್ ಯೋಜನೆ' ತಂದಿತು. ಆಗ ಅದರಲ್ಲಿ ಅಪಘಾತವಾದ ಮೊದಲ 48 ಗಂಟೆ, 25,000 ರೂಪಾಯಿವರೆಗೆ ಉಚಿತ ಚಿಕಿತ್ಸೆ ಇತ್ತು. ಒಳ್ಳೆಯ ಕೆಲಸವೇ. ಆದರೆ ಅದು ಪೆಟ್ಟು ಬಿದ್ದ ಮೇಲಿನ ಮಾತು.

ಪೆಟ್ಟೇ ಬೀಳದ ಹಾಗೆ? 1997ರಲ್ಲಿ ಸ್ವೀಡನ್ ಸಂಸತ್ತು 'ವಿಷನ್ ಝೀರೋ' ಒಪ್ಪಿಕೊಂಡಿತು. ಅದರ ಸಾರ ಇಷ್ಟು: ಮನುಷ್ಯ ತಪ್ಪು ಮಾಡೇ ಮಾಡ್ತಾನೆ, ಆ ತಪ್ಪಿಗೆ ಪ್ರಾಣ ಹೋಗದ ಹಾಗೆ ರಸ್ತೆ ಕಟ್ಟಬೇಕು. ಲೆಕ್ಕ ಸರಳ. ವೇಗ ಎರಡು ಪಟ್ಟಾದರೆ ಡಿಕ್ಕಿಯ ಶಕ್ತಿ ನಾಲ್ಕು ಪಟ್ಟು. ಅದಕ್ಕೇ ಜನ ದಾಟುವ ಕಡೆ ವಾಹನ ನಿಧಾನ ಆಗಲೇಬೇಕು: ಎತ್ತರಿಸಿದ ಕ್ರಾಸಿಂಗ್, ನಡುವೆ ನಿಲ್ಲೋಕೆ ಜಾಗ, ಅಜ್ಜಿಯೂ ದಾಟಿ ಮುಗಿಸುವಷ್ಟು ಹೊತ್ತಿನ ಸಿಗ್ನಲ್.

ನಾವು ಮಾತ್ರ ಇವತ್ತಿಗೂ "ನೋಡ್ಕೊಂಡು ದಾಟ್ಬಾರ್ದಾ?" ಅಂತ ಸತ್ತವರನ್ನೇ ಕೇಳ್ತೀವಿ. ರಸ್ತೆ ಕಟ್ಟಿದವರನ್ನ ಯಾಕೆ ಕೇಳಲ್ಲ?

ಅಪಘಾತ ಕಂಡ್ರೆ 108ಕ್ಕೆ ಫೋನ್ ಮಾಡಿ. ಹೆದರಬೇಡಿ, ನೆರವಾದವರಿಗೆ ಕಾನೂನಿನ ರಕ್ಷಣೆ ಇದೆ. ನಿಮ್ಮ ಏರಿಯಾದಲ್ಲಿ ದಾಟೋಕೆ ಭಯ ಆಗೋ ಜಾಗ ಯಾವುದು? ವಾಯ್ಸ್ ಮೆಸೇಜ್ ಕಳಿಸಿ. ಮುಂದಿನ ವಾರ ಸಿಗೋಣ.