ಅಫೀಮು, ಔಷಧ ಮತ್ತು ಸಭೆ: ಬಿಡುಗಡೆಯ ಚರಿತ್ರೆಯಿಂದ ಒಂದು ಪಾಠ

ಯಾದಗಿರಿ, ಶಹಾಪುರ, ಸುರಪುರ ಪ್ರಾಂತ್ಯದಲ್ಲಿ ವ್ಯಸನವೆಂದೊಡನೆ ನೆನಪಾಗುವುದು ಸೇಂದಿ, ಸಾರಾಯಿಗಳೇ ಹೊರತು ಅಫೀಮಲ್ಲ. 1948ರವರೆಗೆ ಈ ನಾಡು ನಿಜಾಮರ ಆಳ್ವಿಕೆಯಲ್ಲಿತ್ತು. ಆಬಕಾರಿಯು ಆ ಬೊಕ್ಕಸದ ಮುಖ್ಯ ಆದಾಯಗಳಲ್ಲೊಂದಾಗಿತ್ತು. ಇಲ್ಲಿ ನೆಲೆಗೊಂಡ ಮೆಥಡಿಸ್ಟ್ ಸಭೆಯ ಪರಂಪರೆಯಾದರೋ ಮದ್ಯವರ್ಜನವನ್ನು ಶಿಷ್ಯತ್ವದ ಗುರುತಾಗಿ ಎಣಿಸಿತು. ಆದರೆ ಬಿಡಬೇಕೆಂದು ಬಯಸಿಯೂ ಬಿಡಲಾರದವನಿಗೆ ಸಭೆಯು ಏನು ಹೇಳಬೇಕು? ಅಫೀಮಿನ ಚರಿತ್ರೆಯು ಈ ಪ್ರಶ್ನೆಗೆ ಬೆಳಕು ಚೆಲ್ಲುತ್ತದೆ.

ಭಾರತದಲ್ಲಿ ಬೆಳೆದ ಅಫೀಮನ್ನು ಚೀನಾಕ್ಕೆ ಮಾರುವ ವ್ಯಾಪಾರವನ್ನು ಅನೇಕ ಮಿಷನರಿಗಳು ಪಾಪವೆಂದು ಖಂಡಿಸಿದರು. ಅವರ ಹೋರಾಟದ ಫಲವಾಗಿ 1893ರಲ್ಲಿ ನೇಮಕವಾದ ರಾಯಲ್ ಆಯೋಗವು ನಿಷೇಧ ಬೇಕಿಲ್ಲವೆಂದು 1895ರಲ್ಲಿ ವರದಿಯಿತ್ತಿತು. ಖಂಡನೆ ನ್ಯಾಯವಾದದ್ದೇ. ಆದರೆ ಚೀನಾದಲ್ಲಿ ಕೆಲವು ಮಿಷನರಿಗಳು ವ್ಯಸನಿಗಳಿಗೆ ಮಾರ್ಫಿನ್ ಗುಳಿಗೆಗಳನ್ನು ಹಂಚಿದರು. ಮಾರ್ಫಿನ್ ಅಫೀಮಿನ ಸಾರವೇ ಆದ್ದರಿಂದ ಒಂದು ಬಂಧನ ಕಳಚಿ ಮತ್ತೊಂದು ಬಿಗಿಯಿತು. ಜನರು ಅದನ್ನು ‘ಯೇಸುವಿನ ಅಫೀಮು’ ಎಂದು ಕರೆದರು. ಸಭೆಯ ಚರಿತ್ರೆಯಲ್ಲಿ ಇದು ತಲೆತಗ್ಗಿಸಬೇಕಾದ ಹೆಸರು.

ಹಾಗಾದರೆ ಔಷಧವೇ ತಪ್ಪೇ? ಅಲ್ಲ. ಅಳತೆಯಿಲ್ಲದೆ, ಮೇಲ್ವಿಚಾರಣೆಯಿಲ್ಲದೆ ಕೊಟ್ಟದ್ದು ತಪ್ಪು. 1965ರಲ್ಲಿ ನ್ಯೂಯಾರ್ಕಿನ ವೈದ್ಯರಾದ ವಿನ್ಸೆಂಟ್ ಡೋಲ್ ಮತ್ತು ಮೇರಿ ನೈಸ್ವಾಂಡರ್, ಹೆರಾಯಿನ್ ವ್ಯಸನಿಗಳಾಗಿದ್ದ 22 ಮಂದಿಗೆ ಮೆಥಡೋನನ್ನು ನಿಯಮಿತವಾಗಿ ಕೊಟ್ಟು, ಜೊತೆಗೆ ಉದ್ಯೋಗ, ಶಿಕ್ಷಣಗಳಿಗೆ ಆಸರೆಯೊದಗಿಸಿದ ಪ್ರಯೋಗವನ್ನು ಪ್ರಕಟಿಸಿದರು. ಇಂಥ ಚಿಕಿತ್ಸೆ ಸಾವುಗಳನ್ನು ತಗ್ಗಿಸುತ್ತದೆಂದು ಮುಂದಿನ ಸಂಶೋಧನೆಗಳು ತೋರಿಸಿವೆ. ಕಾರಣ ಸರಳ: ಅಫೀಮು ವರ್ಗದ ಮಾದಕವಸ್ತುವನ್ನು ಕೆಲಕಾಲ ಬಿಟ್ಟ ದೇಹವು ಅದನ್ನು ತಾಳುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ, ಮರಳಿ ಜಾರಿದವನಿಗೆ ಹಳೆಯ ಪ್ರಮಾಣವೇ ಮರಣಕರವಾಗಬಹುದು. ಇಂದು ಭಾರತದಲ್ಲಿಯೂ ಮೆಥಡೋನ್, ಬ್ಯುಪ್ರೆನಾರ್ಫಿನ್ ಬಳಕೆಯಲ್ಲಿವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ.

ಹಠಾತ್ತನೆ ಬಿಡಿಸುವುದರ ಅಪಾಯವನ್ನು ನಮ್ಮ ನೆರೆಯವರೂ ಕಂಡಿದ್ದಾರೆ. 2015ರಲ್ಲಿ ಯಾದಗಿರಿಯ ಗಡಿಗೆ ತಾಗಿದ ಮಹಬೂಬ್‌ನಗರ ಜಿಲ್ಲೆಯಲ್ಲಿ ಕಲಬೆರಕೆ ಸೇಂದಿಯನ್ನು ತಡೆದಾಗ, ಅದರಲ್ಲಿ ಬೆರೆಸುತ್ತಿದ್ದ ನಿದ್ರಾಜನಕಗಳಿಗೆ ಒಗ್ಗಿಹೋದವರು ಸೆಳವು, ಭ್ರಮೆಗಳಿಂದ ಆಸ್ಪತ್ರೆ ಸೇರಿದರು. ತಡೆದದ್ದು ಸರಿ, ಆದರೆ ಚಿಕಿತ್ಸೆಯ ಸಿದ್ಧತೆ ಅದಕ್ಕೆ ಮುಂಚೆಯೇ ಆಗಬೇಕಿತ್ತು.

ಆದಕಾರಣ ಸಭಾಪಾಲಕನು ವೈದ್ಯರು ಕೊಟ್ಟ ಔಷಧವನ್ನು ಅವಿಶ್ವಾಸವೆಂದು ಎಣಿಸಬಾರದು. ಅದನ್ನು ನಿಲ್ಲಿಸಿ ಪ್ರಾರ್ಥಿಸೆಂದು ಹೇಳುವುದು ಒಂದು ಜೀವವನ್ನೇ ಪಣಕ್ಕೊಡ್ಡಿದಂತೆ. ಬೇಥಾನ್ಯದಲ್ಲಿ ಕರ್ತನು ಲಾಜರನನ್ನು ಸಮಾಧಿಯಿಂದ ಹೊರಗೆ ಕರೆದನು. ಕೈಕಾಲುಗಳ ಕಟ್ಟುಗಳನ್ನು ಬಿಚ್ಚುವ ಕೆಲಸವನ್ನಾದರೋ ಸುತ್ತ ನಿಂತವರಿಗೆ ಒಪ್ಪಿಸಿದನು. ಜೀವ ಕೊಡುವುದು ನಮ್ಮ ಕೈಯಲ್ಲಿಲ್ಲ. ಕಟ್ಟು ಬಿಚ್ಚುವ ನಿಧಾನದ ಸೇವೆ ಮಾತ್ರ ನಮ್ಮದು. ಅದರಲ್ಲಿ ವೈದ್ಯನ ಕೈಯೂ ಸೇರಿದೆ.