ಅಲಾಸ್ಕಾ ದಾರಿಯ ಕೆಸರು

ವೀಕ್ಷಕರೇ, 1959ರ ಮಾರ್ಚ್ ತಿಂಗಳಿಗೆ ಒಮ್ಮೆ ಹೋಗಿ ಬರೋಣ. ಊರು ಅಮೆರಿಕದ ಡೆಟ್ರಾಯಿಟ್. ಜಗತ್ತಿಗೇ ಕಾರು ಮಾಡಿಕೊಡುತ್ತಿದ್ದ ಊರದು. ಆದರೆ ಹಿಂದಿನ ವರ್ಷದ ಆರ್ಥಿಕ ಹಿಂಜರಿತ ಕಾರು ಉದ್ಯಮದ ಸೊಂಟ ಮುರಿದಿತ್ತು. ಕಾರ್ಖಾನೆಯ ಗೇಟಿನಲ್ಲಿ ಕೆಲಸ ಇಲ್ಲ ಅನ್ನೋ ಮಾತು. ಮನೆಯಲ್ಲಿ ಕಂತು ಕಟ್ಟಬೇಕು ಅನ್ನೋ ಚಿಂತೆ. ಅಂಥ ಹೊತ್ತಿನಲ್ಲಿ ಅಲ್ಲಿನ ಒಂದಷ್ಟು ಸಂಸಾರಗಳು ಗಂಟುಮೂಟೆ ಕಟ್ಟಿದವು. ಹೆಂಡತಿ, ಮಕ್ಕಳು, ಪಾತ್ರೆ ಪಗಡ, ಹಾಸಿಗೆ ಹೊದಿಕೆ ಎಲ್ಲವನ್ನೂ ಕಾರು, ಟ್ರಕ್ಕು, ಟ್ರೇಲರ್‌ಗಳಿಗೆ ತುಂಬಿಕೊಂಡು ಸಾಲಾಗಿ ಹೊರಟೇಬಿಟ್ಟವು.

ಹೊರಟದ್ದು ಎಲ್ಲಿಗೆ? ಅಲಾಸ್ಕಾಕ್ಕೆ. ಸುಮಾರು 6,500 ಕಿಲೋಮೀಟರ್ ದೂರ. ಅದೇ ವರ್ಷ ಜನವರಿ 3ರಂದು ಅಲಾಸ್ಕಾ ಅಮೆರಿಕದ 49ನೇ ರಾಜ್ಯವಾಗಿತ್ತು. ಅಲ್ಲಿ ಸರ್ಕಾರ 160 ಎಕರೆವರೆಗೆ ಭೂಮಿ ಕೊಡುತ್ತಿತ್ತು. ಷರತ್ತು ಇಷ್ಟೇ: ಮನೆ ಕಟ್ಟಬೇಕು, ಅಲ್ಲೇ ವಾಸ ಮಾಡಬೇಕು, ಒಂದಷ್ಟು ನೆಲವನ್ನು ಹಸನು ಮಾಡಿ ಬೆಳೆ ತೆಗೆಯಬೇಕು. ಯೋಚನೆ ಮಾಡಿ, ಕೆಲಸ ಕಳೆದುಕೊಂಡ ಮನುಷ್ಯನ ಕಿವಿಗೆ 160 ಎಕರೆ ಅನ್ನೋ ಮಾತು ಹೇಗೆ ಕೇಳಿಸಿರಬೇಡ?

ಈ ಜನರಿಗೆ ಪತ್ರಿಕೆಗಳು ಇಟ್ಟ ಹೆಸರು 'ಫಿಫ್ಟಿ-ನೈನರ್ಸ್', ಅಂದರೆ ಐವತ್ತೊಂಬತ್ತರವರು. ಹೋದಲ್ಲೆಲ್ಲ ವರದಿಗಾರರು ಬೆನ್ನು ಹತ್ತಿದರು. ಫೋಟೋ ತೆಗೆದರು. ಹೊಸ ನೆಲ ಹುಡುಕಿ ಹೊರಟ ಧೀರರು ಅಂತ ಬರೆದರು. ಸುಳ್ಳಲ್ಲ, ಧೀರರೇ. ಚಳಿ ಮುಗಿಯದ ತಿಂಗಳಲ್ಲಿ ಮಕ್ಕಳನ್ನು ಕಟ್ಟಿಕೊಂಡು ಕೆನಡಾದ ಕಾಡು ದಾಟಿ ಹೋಗೋದು ಅಂದರೆ ತಮಾಷೆಯ ಮಾತಲ್ಲ. ಆದರೆ ನಮ್ಮ ಕಸುಬಿನ ಒಂದು ದೋಷ ಇಲ್ಲೂ ಇದೆ. ಕ್ಯಾಮೆರಾ ಯಾವಾಗಲೂ ಹೊರಟ ವಾಹನವನ್ನು ನೋಡುತ್ತೆ. ಚಕ್ರದ ಕೆಳಗಿನ ರಸ್ತೆಯನ್ನು ನೋಡೋದಿಲ್ಲ. ಇವತ್ತು ನಾನು ಹೇಳಹೊರಟಿರೋದು ಆ ರಸ್ತೆಯ ಕಥೆ.

ಆ ರಸ್ತೆಯ ಹೆಸರು ಅಲಾಸ್ಕಾ ಹೆದ್ದಾರಿ. ಕೆನಡಾದ ಡಾಸನ್ ಕ್ರೀಕ್‌ನಲ್ಲಿ ಶುರುವಾಗಿ ಯೂಕಾನ್ ಪ್ರಾಂತ್ಯ ದಾಟಿ ಅಲಾಸ್ಕಾದ ಡೆಲ್ಟಾ ಜಂಕ್ಷನ್ ಮುಟ್ಟುತ್ತದೆ. ಇವತ್ತಿನ ಉದ್ದ ಸುಮಾರು 2,200 ಕಿಲೋಮೀಟರ್. ಹೆಚ್ಚೂಕಡಿಮೆ ಬೆಂಗಳೂರಿನಿಂದ ದೆಹಲಿಗೆ ಆಗುವಷ್ಟು. ಆದರೆ ಬೆಂಗಳೂರು-ದೆಹಲಿ ನಡುವೆ ನೂರಾರು ಊರುಗಳಿವೆ. ಅಲ್ಲಿ ಇದ್ದದ್ದು ಕಾಡು, ಬೆಟ್ಟ, ನದಿ, ಜೌಗು.

1942ಕ್ಕೆ ಮುಂಚೆ ಅಲ್ಲಿ ರಸ್ತೆಯೇ ಇರಲಿಲ್ಲ. ರಷ್ಯಾದಿಂದ ಅಮೆರಿಕ ಅಲಾಸ್ಕಾವನ್ನು 72 ಲಕ್ಷ ಡಾಲರಿಗೆ ಕೊಂಡದ್ದು 1867ರಲ್ಲಿ. ಅಲ್ಲಿಂದ ಮುಕ್ಕಾಲು ಶತಮಾನ ಕಳೆದರೂ ನೆಲದ ಮೇಲೆ ಅಲ್ಲಿಗೆ ಹೋಗುವ ದಾರಿ ಇರಲಿಲ್ಲ. 1935ರಲ್ಲಿ ಅಮೆರಿಕ ಸರ್ಕಾರವೇ ಮಿಷಿಗನ್, ವಿಸ್ಕಾನ್ಸಿನ್, ಮಿನ್ನೆಸೋಟಾದ ಸುಮಾರು 200 ಬಡ ರೈತ ಕುಟುಂಬಗಳನ್ನು ಅಲಾಸ್ಕಾದ ಮಟನುಸ್ಕಾ ಕಣಿವೆಗೆ ಕರೆದೊಯ್ದಿತು. ಅವರು ಹೋದದ್ದು ರೈಲು ಮತ್ತು ಹಡಗಿನಲ್ಲಿ. ಬೇರೆ ದಾರಿಯೇ ಇರಲಿಲ್ಲ.

ಸಮುದ್ರವನ್ನೇ ನಂಬಿಕೊಂಡರೆ ಏನಾಗುತ್ತೆ ಅನ್ನೋದು 1941ರ ಡಿಸೆಂಬರ್ 7ರಂದು ಗೊತ್ತಾಯಿತು. ಜಪಾನ್ ಪರ್ಲ್ ಹಾರ್ಬರ್ ಮೇಲೆ ಬಾಂಬ್ ಹಾಕಿತು. ಹಡಗಿನ ದಾರಿ ಬಂದ್ ಆದರೆ ಅಲಾಸ್ಕಾ ಕೈಬಿಟ್ಟ ಹಾಗೇ. 1942ರ ಫೆಬ್ರವರಿಯಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ರಸ್ತೆಗೆ ಒಪ್ಪಿಗೆ ಕೊಟ್ಟರು. ಮಾರ್ಚ್‌ನಲ್ಲಿ ಸೈನಿಕರು ಡಾಸನ್ ಕ್ರೀಕ್‌ನಲ್ಲಿ ರೈಲಿನಿಂದ ಇಳಿದರು. ಜೂನ್‌ನಲ್ಲಿ ಜಪಾನ್ ಅಲಾಸ್ಕಾದ ಡಚ್ ಹಾರ್ಬರ್ ಮೇಲೆ ದಾಳಿ ಮಾಡಿ, ಅಟ್ಟು ಮತ್ತು ಕಿಸ್ಕಾ ದ್ವೀಪಗಳನ್ನು ಹಿಡಿದೇಬಿಟ್ಟಿತು. ಕೆಲಸಕ್ಕೆ ಇನ್ನಷ್ಟು ಅವಸರ ಬಿತ್ತು.

ಕೆಲಸಕ್ಕೆ ಬಂದ ಸೈನಿಕರು 10,000ಕ್ಕೂ ಹೆಚ್ಚು. ಅವರಲ್ಲಿ ಮೂರನೇ ಒಂದು ಭಾಗದಷ್ಟು ಜನ ಕಪ್ಪು ವರ್ಣೀಯರು. ಆಗ ಅಮೆರಿಕದ ಸೇನೆಯಲ್ಲಿ ಬಿಳಿಯರಿಗೆ ಬೇರೆ ರೆಜಿಮೆಂಟ್, ಕರಿಯರಿಗೆ ಬೇರೆ ರೆಜಿಮೆಂಟ್. 93, 95, 97ನೇ ಎಂಜಿನಿಯರ್ ರೆಜಿಮೆಂಟ್‌ಗಳು ಕಪ್ಪು ಸೈನಿಕರವು. ಅಧಿಕಾರಿಗಳು ಮಾತ್ರ ಬಿಳಿಯರು. ಇವರಲ್ಲಿ ಬಹಳಷ್ಟು ಮಂದಿ ಅಮೆರಿಕದ ದಕ್ಷಿಣದ ರಾಜ್ಯಗಳಿಂದ ಬಂದವರು. ಬಿಸಿಲಿಗೆ ಹುಟ್ಟಿ ಬಿಸಿಲಲ್ಲಿ ಬೆಳೆದವರು. ಅವರನ್ನು ತಂದು ನಿಲ್ಲಿಸಿದ್ದು ಎಲ್ಲಿ? ಚಳಿಗಾಲದಲ್ಲಿ ಪಾದರಸ ಮೈನಸ್ 40 ಡಿಗ್ರಿಗಿಂತ ಕೆಳಗೆ ಜಾರುವ ಕಡೆ. ವಾಸಕ್ಕೆ ಬಟ್ಟೆಯ ಡೇರೆ.

ನೆಲವಾದರೂ ಎಂಥದ್ದು ಅಂತೀರಿ? ಮೇಲೆ ಪಾಚಿ, ಅದರ ಕೆಳಗೆ ವರ್ಷವಿಡೀ ಕರಗದೆ ಹೆಪ್ಪುಗಟ್ಟಿದ ಮಣ್ಣು. ಬುಲ್ಡೋಜರ್ ಬಂದು ಪಾಚಿ ಕೆರೆದು ಹಾಕಿತು. ಪಾಚಿಯೇ ಆ ಮಣ್ಣಿನ ಕಂಬಳಿ. ಕಂಬಳಿ ಕಿತ್ತ ಮೇಲೆ ಬಿಸಿಲು ತಾಗಿತು, ಹೆಪ್ಪು ಕರಗಿತು, ರಸ್ತೆ ಕೆಸರಿನ ಹೊಂಡವಾಯಿತು. ಲಾರಿಗಳು ಗಾಲಿ ಮುಳುಗಿ ನಿಂತವು. ಆಮೇಲೆ ಬುದ್ಧಿ ಕಲಿತರು. ಪಾಚಿ ತೆಗೆಯೋದು ಬಿಟ್ಟರು. ಮರ ಕಡಿದು, ದಿಮ್ಮಿಗಳನ್ನು ಅಡ್ಡಡ್ಡ ಸಾಲಾಗಿ ಜೋಡಿಸಿ, ಅದರ ಮೇಲೆ ಮಣ್ಣು ಹಾಕಿ ದಾರಿ ಮಾಡಿದರು. ಮೈಲಿಗಟ್ಟಲೆ ಹೀಗೆ.

95ನೇ ರೆಜಿಮೆಂಟಿಗೆ ಇನ್ನೊಂದು ಅನ್ಯಾಯ. ಅವರ ದೊಡ್ಡ ಯಂತ್ರಗಳನ್ನು ಬಿಳಿಯರ ಪಡೆಗೆ ಕೊಟ್ಟು, ಇವರ ಕೈಗೆ ಕೊಟ್ಟದ್ದು ಗುದ್ದಲಿ, ಕೊಡಲಿ, ಗರಗಸ. ಅದೇ ಜನ ಸಿಕಾನಿ ಚೀಫ್ ನದಿಗೆ ಮರದ ಸೇತುವೆ ಕಟ್ಟಿದರು. ಎದೆಮಟ್ಟದ ಹಿಮನೀರಿನಲ್ಲಿ ನಿಂತು, ರಾತ್ರಿ ಹೊತ್ತು ಲಾರಿಗಳ ದೀಪ ಹಚ್ಚಿಕೊಂಡು ನಾಲ್ಕು ದಿನದೊಳಗೆ ಮುಗಿಸಿದರು. ಕರಿಯರ ಕೈಲಿ ಎಂಜಿನಿಯರಿಂಗ್ ಕೆಲಸ ಆಗೋದಿಲ್ಲ ಅನ್ನುವವರು ಆಗಿನ ಸೇನೆಯಲ್ಲಿ ತುಂಬಾ ಜನ ಇದ್ದರು. ಅವರಿಗೆ ಆ ಸೇತುವೆಯೇ ಉತ್ತರ.

1942ರ ಅಕ್ಟೋಬರ್ 25. ಯೂಕಾನ್‌ನ ಬೀವರ್ ಕ್ರೀಕ್ ಹತ್ತಿರ. ಉತ್ತರದ ಕಡೆಯಿಂದ 97ನೇ ರೆಜಿಮೆಂಟಿನ ಕಾರ್ಪೊರಲ್ ರೀಫೈನ್ಸ್ ಸಿಮ್ಸ್ ಬುಲ್ಡೋಜರ್ ಓಡಿಸಿಕೊಂಡು ಬರ್ತಾ ಇದ್ದರು. ಎದುರಿನ ಮರಗಳು ಇದ್ದಕ್ಕಿದ್ದ ಹಾಗೆ ತಮ್ಮ ಮೇಲೇ ಉರುಳೋಕೆ ಶುರುವಾದವು. ಗಾಡಿಯನ್ನು ಹಿಂದಕ್ಕೆ ತೆಗೆದರು. ಮರಗಳ ನಡುವೆ ಇನ್ನೊಂದು ಬುಲ್ಡೋಜರ್ ನುಗ್ಗಿ ಬಂತು. ಅದರ ಮೇಲೆ ದಕ್ಷಿಣದ ಕಡೆಯಿಂದ ಬಂದ ಬಿಳಿಯ ಸೈನಿಕ ಆಲ್ಫ್ರೆಡ್ ಜಲುಫ್ಕಾ. ಇಬ್ಬರೂ ಕೈ ಕುಲುಕಿದ ಫೋಟೋ ಆಮೇಲೆ ಪ್ರಸಿದ್ಧವಾಯಿತು. ಎಂಟೇ ತಿಂಗಳಲ್ಲಿ ದಾರಿ ಕೂಡಿಕೊಂಡಿತ್ತು. ನವೆಂಬರ್ 20ರಂದು ಕ್ಲುವಾನಿ ಸರೋವರದ ದಡದಲ್ಲಿ ಉದ್ಘಾಟನೆಯೂ ಆಯಿತು.

ಚೆನ್ನಾಗಿದೆ ಅಲ್ವಾ ಕಥೆ? ಈಗ ಇನ್ನೊಂದು ಮುಖ ನೋಡಿ.

ಅಲಾಸ್ಕಾ ರಕ್ಷಣೆಯ ಹೊಣೆ ಹೊತ್ತಿದ್ದ ಸೇನಾಧಿಕಾರಿ ಸೈಮನ್ ಬೊಲಿವರ್ ಬಕ್ನರ್. ಅವರ ತಂದೆ ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದ ಗುಲಾಮಗಿರಿ ರಾಜ್ಯಗಳ ಪರವಾಗಿ ಕಾದಾಡಿದ ಜನರಲ್. ಕಪ್ಪು ಸೈನಿಕರು ಬರುತ್ತಾರೆ ಅಂತ ತಿಳಿದಾಗ ಬಕ್ನರ್ ಪತ್ರ ಬರೆದು ಆತಂಕ ತೋಡಿಕೊಂಡರು. ಏನು ಆತಂಕ? ಕೆಲಸ ಸರಿಯಾಗಿ ಮಾಡ್ತಾರೋ ಇಲ್ಲವೋ ಅಂತಲ್ಲ. ಯುದ್ಧ ಮುಗಿದ ಮೇಲೆ ಈ ಜನ ಇಲ್ಲೇ ಉಳಿದುಬಿಟ್ಟರೆ? ಇಲ್ಲಿನ ಮೂಲನಿವಾಸಿಗಳ ಜೊತೆ ಸಂಬಂಧ ಬೆಳೆಸಿ ಸಂಸಾರ ಹೂಡಿಬಿಟ್ಟರೆ? ಇದು ಭಯ. ಕೊನೆಗೆ ಆದ ವ್ಯವಸ್ಥೆ ಏನು ಗೊತ್ತಾ? ಕಪ್ಪು ಸೈನಿಕರು ದುಡಿಯಬಹುದು, ಊರುಗಳಿಂದ ಮಾತ್ರ ದೂರ ಇರಬೇಕು.

ಕೈ ಕೆಸರಾದರೆ ಬಾಯಿ ಮೊಸರು ಅಂತ ನಮ್ಮಲ್ಲಿ ಗಾದೆ. ಅಲಾಸ್ಕಾದ ಕೆಸರು ಹತ್ತಿದ್ದು ಇವರ ಕೈಗೆ. ಇಲ್ಲೇ ಮನೆ ಮಾಡಿಕೊಂಡುಬಿಡ್ತಾರೆ ಅನ್ನೋ ಭಯ ಹುಟ್ಟಿದ್ದೂ ಇವರ ಬಗ್ಗೆಯೇ. ಕೆಲಸ ಮುಗಿಯಿತು. ರೆಜಿಮೆಂಟ್‌ಗಳನ್ನು ಬೇರೆ ಯುದ್ಧರಂಗಗಳಿಗೆ ಕಳಿಸಿದರು. 1948ರಲ್ಲಿ ಎರಡು ಸಂಗತಿ ನಡೆದವು. ಅಧ್ಯಕ್ಷ ಟ್ರೂಮನ್ ಸೇನೆಯಲ್ಲಿ ವರ್ಣಭೇದ ತೆಗೆಯುವ ಆದೇಶ ಹೊರಡಿಸಿದರು. ಅದೇ ವರ್ಷ ಅಲಾಸ್ಕಾ ಹೆದ್ದಾರಿ ಸಾರ್ವಜನಿಕರಿಗೆ ಮುಕ್ತವಾಯಿತು.

ಮತ್ತೊಂದು ಪಾಲು ಕೆಸರು ಇನ್ನೂ ಹಳಬರ ಪಾಲಿಗೆ ಬಂತು. 'ಯಾರೂ ಇಲ್ಲದ ಕಾಡು' ಅಂತ ನಕ್ಷೆ ಹೇಳುತ್ತಿದ್ದ ಕಡೆ ಜನ ಇದ್ದರು. ಸಾವಿರಾರು ವರ್ಷಗಳಿಂದ ಇದ್ದರು. ಸರ್ವೆ ಮಾಡುವವರಿಗೆ ದಾರಿ ತೋರಿಸಿದವರಲ್ಲಿ ಆ ಮೂಲನಿವಾಸಿಗಳೂ ಇದ್ದರು. ದಾರಿಯ ಜೊತೆಗೆ ರೋಗವೂ ಬಂತು. 1942-43ರಲ್ಲಿ ಯೂಕಾನ್‌ನ ಟೆಸ್ಲಿನ್ ಎಂಬ ಊರಿಗೆ ದಡಾರ, ನಾಯಿಕೆಮ್ಮು, ಕಾಮಾಲೆ ಹೀಗೆ ಒಂದರ ಹಿಂದೆ ಒಂದು ಸಾಂಕ್ರಾಮಿಕ ಬಡಿಯಿತು. ಕ್ಲುವಾನಿ ಸೀಮೆಯಲ್ಲಿ ಹೊರಗಿನಿಂದ ಬಂದವರ ಬೇಟೆ ವಿಪರೀತವಾಯಿತು ಅಂತ ದೂರು ಎದ್ದಿತು. 1943ರಲ್ಲಿ ಅಲ್ಲೊಂದು ಪ್ರಾಣಿಧಾಮ ಮಾಡಿದರು. ಫಲ? ಅಲ್ಲೇ ಬೇಟೆಯಾಡಿ ಬದುಕುತ್ತಿದ್ದ ಮೂಲನಿವಾಸಿಗಳಿಗೂ ಬೇಟೆ ನಿಷೇಧ. ತಿಂದವನು ಯಾರೋ, ದಂಡ ಕಟ್ಟಿದವನು ಇನ್ಯಾರೋ.

ಈಗ ಮತ್ತೆ ಡೆಟ್ರಾಯಿಟ್‌ನ ಆ ಸಂಸಾರಗಳ ಹತ್ತಿರ ಬರೋಣ. 1959ರಲ್ಲೂ ಹೆದ್ದಾರಿಯ ಬಹುಭಾಗ ಜಲ್ಲಿಕಲ್ಲಿನ ರಸ್ತೆಯೇ. ಎದುರು ಬಂದ ಲಾರಿ ಒಂದು ಕಲ್ಲು ಸಿಡಿಸಿದರೆ ಗಾಜು ಬಿರುಕು. ಟೈರು ಹೋದರೆ ಕೈಲಿರೋ ಸ್ಟೆಪ್ನಿಯೇ ದೇವರು. ಎಲ್ಲಿ ಪೆಟ್ರೋಲ್ ಸಿಗುತ್ತೆ, ಎಲ್ಲಿ ಊಟ ಸಿಗುತ್ತೆ ಅನ್ನೋದನ್ನು ಮೈಲಿಗಲ್ಲಿನ ಲೆಕ್ಕದಲ್ಲಿ ಹೇಳುವ 'ಮೈಲ್‌ಪೋಸ್ಟ್' ಎಂಬ ಕೈಪಿಡಿ 1949ರಿಂದ ಬರ್ತಾ ಇತ್ತು. ಇಂದಿಗೂ ಆ ದಾರಿ ಹಿಡಿದವರ ಕಾರಿನಲ್ಲಿ ಅದನ್ನು ಕಾಣಬಹುದು. ಅಂತೂ ಅವರು ತಲುಪಿದರು. ಕೆಲವರು ಸುಸಿಟ್ನಾ ನದಿಯ ಆಚೆ, ಇವತ್ತಿನ ಟ್ರ್ಯಾಪರ್ ಕ್ರೀಕ್ ಸುತ್ತಮುತ್ತ ಕಾಡು ಕಡಿದು ಮರದ ಮನೆ ಕಟ್ಟಿಕೊಂಡರು. ಹಲವರು ನಡುವೆ ಕೈಚೆಲ್ಲಿದರು. ಅಷ್ಟರಲ್ಲಿ ಕ್ಯಾಮೆರಾಗಳು ಬೇರೆ ಸುದ್ದಿ ಹುಡುಕಿಕೊಂಡು ಹೋಗಿದ್ದವು.

ನಾನು ಆ ಕುಟುಂಬಗಳನ್ನು ದೂರ್ತಾ ಇಲ್ಲ. ಕೆಲಸ ಹೋದವನು ಹೆಂಡತಿ ಮಕ್ಕಳಿಗೆ ಸೂರು ಹುಡುಕೋದು ತಪ್ಪಲ್ಲ. ಆದರೆ ಒಂದು ಲೆಕ್ಕ ಇಡಬೇಕು. ಡೆಟ್ರಾಯಿಟ್‌ನಿಂದ ಬಂದವನಿಗೆ 1959ರಲ್ಲೇ 160 ಎಕರೆಯ ದಾರಿ ತೆರೆದಿತ್ತು. ಆ ನೆಲದಲ್ಲೇ ಹುಟ್ಟಿದ ಅಲಾಸ್ಕಾದ ಮೂಲನಿವಾಸಿಗಳ ಭೂಮಿಯ ಹಕ್ಕಿನ ಬಗ್ಗೆ ಅಮೆರಿಕದ ಸಂಸತ್ತು ಕಾನೂನು ಮಾಡಿದ್ದು 1971ರಲ್ಲಿ. ರಸ್ತೆ ಕಡಿದ ಕಪ್ಪು ಸೈನಿಕರ ನೆನಪಿಗೆ ಗರ್ಸ್ಟಲ್ ನದಿಯ ಸೇತುವೆಗೆ ಹೆಸರು ಇಟ್ಟದ್ದು 1993ರಲ್ಲಿ. ಅಕ್ಟೋಬರ್ 25ನ್ನು ಅವರ ದಿನ ಅಂತ ಅಲಾಸ್ಕಾ ಕಾನೂನು ಮಾಡಿದ್ದು 2017ರಲ್ಲಿ. ಸಿಮ್ಸ್ ಮತ್ತು ಜಲುಫ್ಕಾ ಕೈ ಕುಲುಕಿ 75 ವರ್ಷ ಆದ ಮೇಲೆ!

ಆ ಹೆದ್ದಾರಿಯಲ್ಲಿ ವಾಟ್ಸನ್ ಲೇಕ್ ಅಂತ ಒಂದು ಊರಿದೆ. 1942ರಲ್ಲಿ ಅಲ್ಲಿ ಕೆಲಸಕ್ಕಿದ್ದ ಸೈನಿಕನೊಬ್ಬನಿಗೆ ಮನೆಯ ನೆನಪು ಕಾಡಿತು. ತನ್ನೂರು ಎಷ್ಟು ದೂರ ಅಂತ ಒಂದು ಹಲಗೆ ಬರೆದು ಕಂಬಕ್ಕೆ ಹೊಡೆದ. ಆಮೇಲೆ ಆ ದಾರಿಯಲ್ಲಿ ಹೋದವರೆಲ್ಲ ತಮ್ಮ ತಮ್ಮ ಊರಿನ ಹಲಗೆ ಹೊಡೆಯುತ್ತಾ ಬಂದರು. ಇವತ್ತು ಅಲ್ಲಿ ಹತ್ತಾರು ಸಾವಿರ ಹಲಗೆಗಳ ಕಾಡೇ ಎದ್ದಿದೆ. ಊರು ಬಿಟ್ಟು ಊರಿಗೆ ಹೊರಟ ಸಂಸಾರಗಳು ಅಲ್ಲಿ ಕಾರು ನಿಲ್ಲಿಸಿ, ಮಕ್ಕಳನ್ನು ನಿಲ್ಲಿಸಿ ಫೋಟೋ ತೆಗೀತವೆ.

ತೆಗೀಲಿ. ಆದರೆ ಆ ಮಕ್ಕಳು ಅಪ್ಪನನ್ನು ಒಂದು ಮಾತು ಕೇಳಲಿ: ಈ ದಾರಿ ಮಾಡಿದವರು ಯಾರಪ್ಪಾ? ಅವರಿಗೆ ಇಲ್ಲಿ ಮನೆ ಸಿಕ್ಕಿತಾ? ಈ ಪ್ರಶ್ನೆ ಅಲಾಸ್ಕಾಕ್ಕೆ ಮಾತ್ರ ಸೇರಿದ್ದಲ್ಲ, ವೀಕ್ಷಕರೇ. ಹೊಸ ಹೆದ್ದಾರಿಯಲ್ಲಿ ಕಾರು ಜೋರಾಗಿ ಓಡಿಸುವ ನಾವೂ ನೀವೂ ಒಮ್ಮೆ ಕೇಳಿಕೊಳ್ಳಬೇಕಾದ್ದು.