ಓಹೇರ್ ದಾರಿಯ ಬೆಸ್ಸಿ ಕೋಲ್ಮನ್

ಊರಿನಿಂದ ಬರುವ ಅಪ್ಪ ಅಮ್ಮಂದಿರನ್ನು ಕರೆತರಲು ಓಹೇರ್ ವಿಮಾನ ನಿಲ್ದಾಣಕ್ಕೆ ಓಡುವುದು ಷಿಕಾಗೋ ಕನ್ನಡಿಗರಾದ ನಮಗೆಲ್ಲ ರೂಢಿಯ ಕೆಲಸ. ಉಪ್ಪಿನಕಾಯಿ ಜಾಡಿ ಸೋರಿರದಿದ್ದರೆ ಸಾಕಪ್ಪ ಎಂದುಕೊಳ್ಳುವ ಆ ಗಡಿಬಿಡಿಯಲ್ಲಿ, ಅಲ್ಲೊಂದು ರಸ್ತೆಗೆ 'ಬೆಸ್ಸಿ ಕೋಲ್ಮನ್ ಡ್ರೈವ್' ಎಂಬ ಫಲಕವಿರುವುದನ್ನು ನಮ್ಮಲ್ಲಿ ಎಷ್ಟು ಜನ ಗಮನಿಸಿದ್ದೇವೆ? 1990ರಲ್ಲಿ ಇಟ್ಟ ಹೆಸರದು. ಅಮೀಲಿಯಾ ಇಯರ್‌ಹಾರ್ಟ್ ಯಾರೆಂದು ನಮ್ಮ ಮಕ್ಕಳಿಗೂ ಗೊತ್ತು. ಆಕೆಗಿಂತ ಸುಮಾರು ಎರಡು ವರ್ಷ ಮೊದಲೇ ಅಂತರರಾಷ್ಟ್ರೀಯ ಪೈಲಟ್ ಲೈಸೆನ್ಸ್ ಪಡೆದವಳು ಈ ಬೆಸ್ಸಿ.

ಹುಟ್ಟಿದ್ದು 1892ರಲ್ಲಿ, ಟೆಕ್ಸಾಸಿನ ಒಂದು ಬಡ ಕುಟುಂಬದಲ್ಲಿ. ಬಾಲ್ಯವೆಲ್ಲ ಹತ್ತಿ ಬಿಡಿಸುವುದರಲ್ಲಿ, ಬಟ್ಟೆ ಒಗೆಯುವುದರಲ್ಲಿ ಕಳೆಯಿತು. 1915ರಲ್ಲಿ ಷಿಕಾಗೋಗೆ ಬಂದು ಕ್ಷೌರದಂಗಡಿಯಲ್ಲಿ ಗಿರಾಕಿಗಳ ಉಗುರು ಒಪ್ಪಮಾಡುವ ಕೆಲಸಕ್ಕೆ ಸೇರಿದಳು. ಮಹಾಯುದ್ಧ ಮುಗಿಸಿ ಫ್ರಾನ್ಸಿನಿಂದ ಮರಳಿದ ಅಣ್ಣ ಜಾನ್ ಒಮ್ಮೆ, ಅಲ್ಲಿನ ಹೆಂಗಸರು ವಿಮಾನ ಹಾರಿಸುತ್ತಾರೆ, ನಿಮ್ಮ ಕೈಲಾಗದು ಎಂದು ಛೇಡಿಸಿದ. ಅದೇ ನೆಪವಾಯಿತು. ಆದರೆ ಕಲಿಸುವವರು ಯಾರು? ಹೆಣ್ಣು, ಅದರಲ್ಲೂ ಕಪ್ಪು ಜನಾಂಗದವಳು. ಇಲ್ಲಿನ ಯಾವ ಶಾಲೆಯೂ ಸೇರಿಸಿಕೊಳ್ಳಲಿಲ್ಲ. 'ಷಿಕಾಗೋ ಡಿಫೆಂಡರ್' ಪತ್ರಿಕೆಯ ರಾಬರ್ಟ್ ಅಬಟ್ ಫ್ರಾನ್ಸಿಗೇ ಹೋಗೆಂದು ಸಲಹೆ ಕೊಟ್ಟರು. ಸರಿ, ಫ್ರೆಂಚ್ ಭಾಷೆ ಕಲಿತು 1920ರ ನವೆಂಬರಿನಲ್ಲಿ ಹಡಗು ಹತ್ತಿದಳು. ವಿದ್ಯೆಗೆಂದು ನಾವು ಸಾಗರ ದಾಟಿ ಈ ದೇಶಕ್ಕೆ ಬಂದೆವು. ವಿದ್ಯೆಗೆಂದೇ ಆಕೆ ಈ ದೇಶದಿಂದ ಸಾಗರ ದಾಟಬೇಕಾಯಿತು.

ಲ ಕ್ರೊಟುವಾ ಊರಿನ ಕೊದ್ರೋನ್ ಸಹೋದರರ ಶಾಲೆಯಲ್ಲಿ ಕಲಿಕೆ. ಮರ, ತಂತಿ, ಬಟ್ಟೆಯಿಂದ ಕಟ್ಟಿದ ನ್ಯೂಪೋರ್ ವಿಮಾನ. ಸ್ಟಿಯರಿಂಗ್ ಚಕ್ರವಿಲ್ಲ, ಬ್ರೇಕ್ ಇಲ್ಲ. ಕೈಗೊಂದು ಕೋಲು, ಕಾಲಿಗೊಂದು ಪಟ್ಟಿ. ಜೊತೆಯ ವಿದ್ಯಾರ್ಥಿಯೊಬ್ಬ ಕಣ್ಣೆದುರೇ ಬಿದ್ದು ಸತ್ತದ್ದನ್ನು ಕಂಡೂ ಆಕೆ ಬಿಡಲಿಲ್ಲ. 1921ರ ಜೂನ್ 15ರಂದು ಲೈಸೆನ್ಸ್ ಕೈಸೇರಿತು. ಅದರಲ್ಲಿ ಹುಟ್ಟಿದ ವರ್ಷ 1896 ಎಂದಿದೆ! ಎಸ್ಸೆಸ್ಸೆಲ್ಸಿ ಸರ್ಟಿಫಿಕೇಟಿನ ಹುಟ್ಟುಹಬ್ಬದವರಾದ ನಾವು ನಗುವ ಹಾಗಿಲ್ಲ.

ಲೈಸೆನ್ಸ್ ಹೊಟ್ಟೆ ತುಂಬಿಸುವುದಿಲ್ಲವಲ್ಲ. ಆಗ ಪೈಲಟ್ಟಿಗೆ ಸಂಪಾದನೆಯೆಂದರೆ ಜಾತ್ರೆಗಳಲ್ಲಿ ಲಾಗ ಹಾಕಿ ತೋರಿಸುವುದು. ಯುದ್ಧದಲ್ಲಿ ಮಿಕ್ಕ ಹಳೆಯ 'ಜೆನ್ನಿ' ವಿಮಾನಗಳೇ ಗತಿ. 1923ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಎಂಜಿನ್ ನಿಂತು ಬಿದ್ದು ಕಾಲು ಮುರಿಯಿತು. ನಡೆಯುವಂತಾದ ಕೂಡಲೇ ಮತ್ತೆ ಹಾರುತ್ತೇನೆಂದು ಆಸ್ಪತ್ರೆಯಿಂದಲೇ ತಂತಿ ಕಳಿಸಿದಳಂತೆ. ತನ್ನ ಜನರಿಗಾಗಿ ಒಂದು ವಿಮಾನ ಶಾಲೆ ತೆರೆಯಬೇಕೆಂಬ ಆಸೆಯಿಂದ ಊರೂರು ತಿರುಗಿ ಭಾಷಣ ಮಾಡಿ ಹಣ ಕೂಡಿಸುತ್ತಿದ್ದಳು.

ನಮಗೆ ಆಕೆಯ ಲಾಗಗಳಿಗಿಂತ ದೊಡ್ಡದಾಗಿ ಕಾಣುವುದು ಟೆಕ್ಸಾಸಿನ ವಾಕ್ಸಹ್ಯಾಚಿಯಲ್ಲಿ ನಡೆದದ್ದು. ತಾನು ಬಾಲ್ಯ ಕಳೆದ ಆ ಊರಿನಲ್ಲಿ ಬಿಳಿಯರಿಗೊಂದು, ಕರಿಯರಿಗೊಂದು ಬಾಗಿಲು ಮಾಡಿದರೆ ಹಾರುವುದೇ ಇಲ್ಲವೆಂದಳು. ವ್ಯವಸ್ಥಾಪಕರು ಬಾಗಿಲು ಒಂದೇ ಮಾಡಿದರು. ಆದರೆ ಒಳಗೆ ಆಸನಗಳು ಬೇರೆ ಬೇರೆಯಾಗಿಯೇ ಉಳಿದವು. ಆ ದಿನ ಆಕೆಗೆ ದಕ್ಕಿದ್ದು ಬಾಗಿಲಿನಷ್ಟೇ.

1926ರ ಏಪ್ರಿಲ್ 30, ಫ್ಲಾರಿಡಾದ ಜಾಕ್ಸನ್‌ವಿಲ್. ಮರುದಿನದ ಪ್ರದರ್ಶನದಲ್ಲಿ ಪ್ಯಾರಾಚೂಟಿನಿಂದ ಇಳಿಯಲು ಜಾಗ ನೋಡಬೇಕಿತ್ತು. ಮೆಕ್ಯಾನಿಕ್ ವಿಲಿಯಂ ವಿಲ್ಸ್ ವಿಮಾನ ನಡೆಸುತ್ತಿದ್ದ. ಬಗ್ಗಿ ನೆಲ ನೋಡಲೆಂದು ಬೆಸ್ಸಿ ಬೆಲ್ಟ್ ಕಟ್ಟಿರಲಿಲ್ಲ. ವಿಮಾನ ಹಠಾತ್ತನೆ ಮುಗ್ಗರಿಸಿ ಮಗುಚಿತು, ಆಕೆ ಹೊರಗೆ ಬಿದ್ದಳು. ಇಬ್ಬರೂ ಸತ್ತರು. ಯಾರೋ ಒಳಗೆ ಬಿಟ್ಟಿದ್ದ ಒಂದು ಸ್ಪ್ಯಾನರ್ ನಿಯಂತ್ರಣದ ಸಾಧನಗಳಿಗೆ ಸಿಕ್ಕಿಕೊಂಡಿತ್ತು. ಆಗ ಆಕೆಗೆ ನಿಜವಾದ ಲೆಕ್ಕದಲ್ಲಿ 34 ವರ್ಷ.

ಶಾಲೆ ತೆರೆಯಲಾಗಲಿಲ್ಲ. 1929ರಲ್ಲಿ ವಿಲಿಯಂ ಪೊವೆಲ್ ಎಂಬವರು ಲಾಸ್ ಏಂಜಲಿಸ್‌ನಲ್ಲಿ ಆಕೆಯ ಹೆಸರಿನ ವಿಮಾನ ಕ್ಲಬ್ ಕಟ್ಟಿ ಕಪ್ಪು ಜನಾಂಗದ ಯುವಕ ಯುವತಿಯರಿಗೆ ಹಾರಾಟ ಕಲಿಸತೊಡಗಿದರು. ಷಿಕಾಗೋ ಬಳಿಯ ಲಿಂಕನ್ ಸ್ಮಶಾನದಲ್ಲಿ ಆಕೆಯ ಸಮಾಧಿಯಿದೆ. 1931ರಲ್ಲಿ ಕಪ್ಪು ಜನಾಂಗದ ಪೈಲಟ್ಟುಗಳು ಅದರ ಮೇಲೆ ವಿಮಾನದಲ್ಲಿ ಹಾರಿ ಹೂ ಚೆಲ್ಲುವ ಪದ್ಧತಿ ಆರಂಭಿಸಿದರು. ನಮ್ಮ ಮನೆಗಳಿಂದ ಕಾರಿನಲ್ಲಿ ಹೋದರೆ ಅದು ದೂರವೇನಲ್ಲ.